ರವಿಕೆಯೊಳಗಿನ ರಾಗಿ

ನನಗೆ ಬಂದದ್ದು ಕ್ಯಾನ್ಸರ್. ಎಡಗಡೆಯ ಮೊಲೆಯನ್ನು ಕೊಯ್ದು ತೆಗೆದರು. ಗರ್ಭಕೋಶ ತೆಗೆದರು ಅಂತ ಊರಿಗೆ ಹೇಳಿದ್ದು ಸುಳ್ಳು. ತಲೆ ಬೋಳಾದಾಗ ತಿರುಪತಿಗೆ ಮುಡಿ ಕೊಟ್ಟು ಬಂದರು ಅಂತ ಹೇಳಿದ್ದೂ ಸುಳ್ಳು. ನಾನು ತಿರುಪತಿ ನೋಡಿಯೇ ಇಲ್ಲ.

ಅಜ್ಜಂಪುರದಲ್ಲಿ ನಾನು ಮನೆಯಲ್ಲೇ ಸೀರೆ ಮಾರುತ್ತೇನೆ. ಈಗೀಗ ಸೀರೆ ನೋಡಲು ಬಂದವರಲ್ಲಿ ಯಾರಾದರೂ ಒಬ್ಬಳು ಉಳಿದವರೆಲ್ಲ ಎದ್ದು ಹೋಗುವವರೆಗೂ ಸುಮ್ಮನೆ ಸೆರಗು ಮಡಿಚುತ್ತಾ ಕೂತಿರುತ್ತಾಳೆ. ಆಮೇಲೆ, "ಗೌರಮ್ಮ, ನಂಗೂ ಇಲ್ಲೊಂದು ಗಂಟೈತೆ ಕಣ್ರೀ" ಎನ್ನುತ್ತಾಳೆ. ಒಬ್ಬೊಬ್ಬರಿಗೂ ಮೊದಲಿಂದ ಹೇಳಿ ನನಗೆ ಸಾಕಾಗಿದೆ. ಅದಕ್ಕೇ ಬರೆಯುತ್ತಿದ್ದೇನೆ. ನಾನು ಓದಿದ್ದು ನಾಲ್ಕನೇ ಕ್ಲಾಸು. ಅಕ್ಷರ ತಪ್ಪಿದ್ದಲ್ಲಿ ಮೊಮ್ಮಗಳು ಚೈತ್ರಾ ತಿದ್ದಿದ್ದಾಳೆ. ಮಾತು ತಿದ್ದಲು ಬಿಟ್ಟಿಲ್ಲ.

ನಮ್ಮವರು ತೀರಿಕೊಂಡ ಮೇಲೆ ಶುರು ಮಾಡಿದ ವ್ಯಾಪಾರ ಇದು. ನಡುಮನೆಯಲ್ಲಿ ಚಾಪೆ ಹಾಸಿ ಸೀರೆ ಹರವುತ್ತೇನೆ. ನನ್ನ ಹತ್ತಿರ ಜನ ಬರುವುದು ನಾನು ಸುಳ್ಳು ಹೇಳುವುದಿಲ್ಲ ಅಂತ. ಕುಳ್ಳಗಿರುವವಳು ಗೇಣುದ್ದದ ಅಂಚಿನ ಸೀರೆ ಎತ್ತಿಕೊಂಡರೆ, "ಉಟ್ಕೊಂಡ್ರೆ ಅಂಚೇ ನಡ್ಕೊಂಡು ಹೋದಂಗಿರುತ್ತೆ, ಇಡು ಕೆಳಗೆ" ಎನ್ನುತ್ತೇನೆ. ಹೊಟ್ಟೆ ಮುಂದೆ ಬಂದವಳಿಗೆ ಜಾರುವ ಸೀರೆ ಕೊಡುವುದಿಲ್ಲ, ನೆರಿಗೆ ಅಲ್ಲೇ ಉಬ್ಬಿ ನಿಲ್ಲುತ್ತದೆ. ಕಡ್ಡಿಯಂಥವಳಿಗೆ ಗಂಜಿ ಹಾಕಿದ ಹತ್ತಿ ಸೀರೆ ಕೊಟ್ಟರೆ ನಾಲ್ಕು ಜನ ತಿರುಗಿ ನೋಡುವಷ್ಟು ಮೈ ಕಾಣುತ್ತದೆ. ಹೆಗಲು ಅಗಲ ಇರುವವಳಿಗೆ ತೋಳಿನ ಮೇಲೆ ಬುಟ್ಟ ಬೇಡ. ಒಂದೊಂದು ಮೈಗೆ ಒಂದೊಂದು ಬಟ್ಟೆ. ಇಷ್ಟೆಲ್ಲ ಗೊತ್ತಿದ್ದವಳಿಗೆ, ಒಂದು ಪಕ್ಕ ಇಲ್ಲದ ಮೈಗೆ ಏನು ಉಡಿಸಬೇಕು ಅಂತ ಗೊತ್ತಿರಲಿಲ್ಲ. ಅಂಥವಳು ಯಾರೂ ನನ್ನ ಚಾಪೆಯ ಮೇಲೆ ಬಂದು ಕೂತಿರಲಿಲ್ಲ. ಬಂದಿದ್ದರೂ ಹೇಳಿರಲಿಲ್ಲವೇನೋ.

ಗಂಟು ಸಿಕ್ಕಿದ್ದು ಮೈಗೆ ಸೋಪು ಹಚ್ಚುವಾಗ. ನೋವಿರಲಿಲ್ಲ. ಲಗ್ನದ ಕಾಲ, ವ್ಯಾಪಾರ ಜೋರಾಗಿತ್ತು, ಮುಗಿಯಲಿ ಅಂತ ಬಿಟ್ಟೆ. ನೋವಿಲ್ಲದ ಗಂಟು ಅಂದರೆ ಏನೂ ಇಲ್ಲ ಅಂದುಕೊಂಡಿದ್ದೆ. ನೀವು ಹಾಗೆ ಅಂದುಕೊಳ್ಳಬೇಡಿ.

ಕಡೂರಿನ ಡಾಕ್ಟರಮ್ಮ ಕೈಯಿಟ್ಟು ನೋಡಿ ಮುಖ ಸಣ್ಣ ಮಾಡಿಕೊಂಡು ಶಿವಮೊಗ್ಗಕ್ಕೆ ಚೀಟಿ ಬರೆದುಕೊಟ್ಟಳು. ಶಿವಮೊಗ್ಗದ ಆಸ್ಪತ್ರೆಯಲ್ಲಿ ಸೂಜಿ ಹಾಕಿ ಗಂಟಿನ ಚೂರು ತೆಗೆದರು, ಫೋಟೋ ತೆಗೆದರು, ಇನ್ನೊಂದು ದಿನ ಬನ್ನಿ ಅಂದರು. ಬಸ್ಸಿನಲ್ಲಿ ತರೀಕೆರೆಗೆ ಹೋಗುವುದು, ಅಲ್ಲಿಂದ ರೈಲು, ಆಸ್ಪತ್ರೆಯ ಬೆಂಚು, ಮತ್ತೆ ರೈಲು. ಬೆಂಚಿನ ಮೇಲೆ ಕೂತ ಹೆಂಗಸರೆಲ್ಲ ಎರಡೂ ಹೆಗಲಿಗೆ ಸೆರಗು ಹೊದ್ದುಕೊಂಡಿದ್ದರು. ಸೆಖೆಯಲ್ಲಿ ಯಾಕೆ ಹೀಗೆ ಹೊದ್ದುಕೊಂಡಿದ್ದಾರೆ ಅಂದುಕೊಂಡೆ. ಆಮೇಲೆ ನಾನೂ ಹಾಗೇ ಹೊದ್ದುಕೊಂಡು ಕೂತೆ.

ರಿಪೋರ್ಟ್ ಬಂದ ದಿನ ಡಾಕ್ಟರು, "ಅಜ್ಜಿ, ನೀವು ಸ್ವಲ್ಪ ಹೊರಗೆ ಕೂತಿರಿ, ಮಗನ ಹತ್ರ ಮಾತಾಡ್ತೀನಿ" ಅಂದರು.

"ಮೊಲೆ ನಂದು. ಅವನನ್ನ ಬೇಕಾದ್ರೆ ಹೊರಗೆ ಕೂರಿಸಿ" ಅಂದೆ.

ಮಗ ಲೋಕೇಶ ನೆಲ ನೋಡಿದ. ಮೂರು ಎಕರೆ ತೆಂಗಿನ ತೋಟ ನೋಡಿಕೊಳ್ಳುವ ಗಂಡಸು, ಅವ್ವನ ಬಾಯಲ್ಲಿ ಆ ಮಾತು ಕೇಳಿ ಕಿವಿಯೆಲ್ಲ ಕೆಂಪು ಮಾಡಿಕೊಂಡ. ಡಾಕ್ಟರು ಹೇಳುತ್ತಾ ಹೋದರು. ನಾನು ಅವರ ಅಂಗಿ ನೋಡುತ್ತಿದ್ದೆ. ದಪ್ಪ ಮೈಗೆ ಅಡ್ಡಗೆರೆಯ ಅಂಗಿ ಹಾಕಿದ್ದರು. ಉದ್ದಗೆರೆ ಹಾಕಿದ್ದರೆ ಚೆನ್ನಾಗಿರುತ್ತಿತ್ತು ಅನ್ನಿಸಿತು. ಅಷ್ಟು ಬಿಟ್ಟರೆ ಏನೂ ಅನ್ನಿಸಲಿಲ್ಲ. ಅಳು ಬರುತ್ತದೆ ಅಂತ ಕಾದೆ. ಬರಲಿಲ್ಲ. ಬೀರೂರು ಕಡೆಯ ರೈಲಿನಲ್ಲಿ ಕೂತ ಮೇಲೂ ಬರಲಿಲ್ಲ. ಎದುರಿಗೆ ಕೂತವಳು ಸೌತೆಕಾಯಿ ಕೊಟ್ಟಳು, ತಿಂದೆ.

ಆಪರೇಷನ್ ಬಗ್ಗೆ ನನಗೆ ಹೇಳಲು ಗೊತ್ತಿಲ್ಲ, ಮಲಗಿದ್ದೆ. ಎದ್ದಾಗ ಎದೆಯಿಂದ ಒಂದು ಪೈಪು ಬಂದು ಬಾಟಲಿಗೆ ಹೋಗಿತ್ತು. ಓಡಾಡುವಾಗ ಆ ಬಾಟಲಿಯನ್ನು ಸೀರೆ ಅಂಗಡಿಯ ಕೈಚೀಲಕ್ಕೆ ಹಾಕಿ ಹೆಗಲಿಗೆ ಹಾಕಿಕೊಳ್ಳುತ್ತಿದ್ದೆ. ಎಡಗೈ ಮೇಲೆ ಏಳುತ್ತಿರಲಿಲ್ಲ, ಲಂಗದ ಲಾಡಿ ಕಟ್ಟಲು ಆಗುತ್ತಿರಲಿಲ್ಲ. ವಾರ್ಡಿನ ಆಯಾ ಒಬ್ಬಳು ದಿನಾ ಬೆಳಿಗ್ಗೆ ತಾನಾಗಿಯೇ ಬಂದು ಕಟ್ಟಿ ಹೋಗುತ್ತಿದ್ದಳು. ಸಮಾಧಾನದ ಮಾತು ಒಂದೂ ಆಡಲಿಲ್ಲ. "ಬಿಗಿ ಆಯ್ತಾ?" ಅಂತ ಕೇಳುವಳು, ಅಷ್ಟೇ. ಅಷ್ಟು ದಿನಗಳಲ್ಲಿ ನನಗೆ ಹಿತವಾದದ್ದು ಅದೊಂದು.

ಗಾಯ ಒಣಗಿತು. ಆದರೆ ಅಲ್ಲಿಂದ ಕಂಕುಳವರೆಗೆ, ತೋಳಿನ ಒಳಪಕ್ಕದವರೆಗೆ ಮರಗಟ್ಟಿಹೋಯಿತು. ಮುಟ್ಟಿದರೆ ಬೇರೆ ಯಾರದೋ ಮೈ ಮುಟ್ಟಿದ ಹಾಗೆ. ನರ ಕತ್ತರಿಸಿದ್ದಾರೆ, ಹಾಗೇ ಇರುತ್ತದೆ ಅಂದರು. ಒಳಗೂ ಹಾಗೇ ಇತ್ತು. ಕಿಮೋ ಔಷಧಿ ಹತ್ತಿಸಿಕೊಂಡು ಬಂದು ವಾಂತಿ ಮಾಡುವಾಗಲೂ, ಕೂದಲು ದಿಂಬಿನ ಮೇಲೆ ಬಿದ್ದಾಗಲೂ, ಯಾರದೋ ಮನೆಯ ಸಂಗತಿ ನೋಡುತ್ತಿದ್ದೇನೆ ಅನ್ನಿಸುತ್ತಿತ್ತು. ನಿಮಗೂ ಹಾಗಾದರೆ ಹೆದರಬೇಡಿ. ನನಗೆ ಹಾಗಾಯಿತು, ನಾನು ಇದ್ದೇನೆ.

ಹೆದರಿದ್ದು ಸೊಸೆ ಶೋಭಾ. ಚೈತ್ರಾಗೆ ಆಗ ತಾನೇ ತರೀಕೆರೆಯಿಂದ ಒಂದು ಸಂಬಂಧ ಬಂದಿತ್ತು. ಹುಡುಗ ಗೊಬ್ಬರದ ಅಂಗಡಿ ಇಟ್ಟಿದ್ದ, ಇಬ್ಬರೂ ಮಾತಾಡಿ ಒಪ್ಪಿದ್ದರು. ಚೈತ್ರಾಳ ಮುಖದಲ್ಲಿ ಅಂಥ ಕಳೆ ನಾನು ಮೊದಲು ನೋಡಿರಲಿಲ್ಲ.

"ಅತ್ತೆ, ಇದು ವಂಶದಲ್ಲಿ ಬರೋ ಕಾಯ್ಲೆ ಅಂತಾರೆ. ಅವ್ರಿಗೆ ಗೊತ್ತಾದ್ರೆ ಹುಡುಗೀನ ಬೇಡ ಅಂತಾರೆ" ಅಂದಳು ಶೋಭಾ.

"ಅನ್ನಬೌದು" ಅಂದೆ.

"ಅದಕ್ಕೇ ಗರ್ಭಕೋಶ ಅನ್ನಾಣ. ನಮ್ಮ ಬೀದೀಲಿ ಎಲ್ಲರ್ದೂ ತೆಗ್ದಿದಾರೆ. ಯಾರೂ ಏನೂ ಕೇಳಲ್ಲ."

ನಿಜವಾಗಿಯೂ ಯಾರೂ ಕೇಳಲಿಲ್ಲ. ಕೂದಲು ಹೋದಾಗ ಅವಳೇ ಮುಡಿ ಕೊಟ್ಟ ಕತೆ ಕಟ್ಟಿದಳು. ಏನಾದರೂ ದೇವರ ಮೇಲೆ ಹಾಕಿಬಿಡುವುದು ಅವಳ ಅಭ್ಯಾಸ. ಕೆಟ್ಟವಳಲ್ಲ. ನನ್ನ ವಾಂತಿ ಬಳಿದವಳು ಅವಳೇ.

ಉಳಿದದ್ದು ರವಿಕೆ. ಸೆರಗು ಬಲ ಸೊಂಟದಿಂದ ಎಡ ಹೆಗಲಿಗೆ ಹೋಗುವುದರಿಂದ ಬಲಗಡೆ ಎಲ್ಲ ಮುಚ್ಚಿರುತ್ತದೆ, ಎಡಪಕ್ಕೆ ತೆರೆದಿರುತ್ತದೆ. ಹೋದದ್ದು ಬಲಗಡೆಯದಾಗಿದ್ದರೆ ಅರ್ಧ ಕೆಲಸ ಸೆರಗೇ ಮಾಡುತ್ತಿತ್ತು. ನಾನು ರವಿಕೆಯೊಳಗೆ ಬಾಡಿ ಹಾಕಿದವಳಲ್ಲ, ನನಗೆ ರವಿಕೆಯೇ ಎಲ್ಲ. ಅದನ್ನು ಹೊಲಿಯುವ ನಾಗರತ್ನ ಎರಡು ಮನೆ ಆಚೆ ಇದ್ದಾಳೆ. ಅವಳು ನನ್ನ ಮೈಗೆ ಟೇಪು ಹಿಡಿದವಳೇ ಅಲ್ಲ. ನಮ್ಮ ಕಡೆ ಯಾರಿಗೂ ಹಿಡಿಯುವುದಿಲ್ಲ. ಸರಿಯಾಗಿ ಕೂರುವ ಒಂದು ಹಳೇ ರವಿಕೆ ಅಳತೆಗೆ ಅಂತ ಕೊಟ್ಟು ಕಳಿಸುತ್ತೇವೆ, ಅದನ್ನು ಹಾಸಿಕೊಂಡು ಕತ್ತರಿಸುತ್ತಾಳೆ. ಶೋಭಾ ಅದೇ ಹಳೇ ಅಳತೆ ರವಿಕೆಯನ್ನು ಕೊಟ್ಟು ಕಳಿಸಿದಳು, ನಾಗರತ್ನಳಿಗೂ ಗೊತ್ತಾಗದಿರಲಿ ಅಂತ. ಹೊಸ ರವಿಕೆ ಎರಡು ಮೊಲೆ ಇದ್ದ ಗೌರಮ್ಮನ ಅಳತೆಗೆ ಬಂತು. ಹಾಕಿಕೊಂಡರೆ ಎಡಗಡೆ ಖಾಲಿ ಚೀಲದ ಹಾಗೆ ಸುಕ್ಕುಬಿತ್ತು. ಆಪರೇಷನ್ ಆದ ಮೇಲೆ ಊದಿಕೊಂಡಿದ್ದ ಎಡತೋಳಿಗೆ ರವಿಕೆಯ ಕೈ ಬಿಗಿಯಾಯಿತು. ಒಂದು ಕಡೆ ಸಡಿಲ, ಒಂದು ಕಡೆ ಬಿಗಿ.

ಚೈತ್ರಾ ಮೊಬೈಲಿನಲ್ಲಿ ಏನೇನೋ ವೀಡಿಯೋ ತೋರಿಸಿದಳು. "ನೋಡಜ್ಜಿ, ಯಾವ ಬಾಡಿ ಶೇಪಿಗೆ ಯಾವ ಡ್ರೆಸ್ಸು ಅಂತ ಹೇಳ್ತಾರೆ. ಪೇರಳೆ ಶೇಪು, ಸೇಬಿನ ಶೇಪು."

"ನಂದು ಯಾವ ಹಣ್ಣಂತೆ?"

ಹುಡುಕಿದಳು. ಸಿಗಲಿಲ್ಲ. ನಗಲು ನೋಡಿದಳು, ಆಗಲಿಲ್ಲ, ಎದ್ದು ಹೋದಳು.

ಶೋಭಾ ಒಂದು ಸಣ್ಣ ಚೀಲ ಹೊಲಿದು ಹತ್ತಿ ತುಂಬಿದಳು. ಹತ್ತಿಗೆ ಭಾರವಿಲ್ಲ, ಎರಡು ಹೆಜ್ಜೆ ನಡೆದರೆ ಕತ್ತಿನ ಹತ್ತಿರ ಬಂದು ಕೂರುತ್ತಿತ್ತು. ಒಂದು ಕಡೆ ಭಾರವಿದ್ದು ಇನ್ನೊಂದು ಕಡೆ ಇಲ್ಲದಿದ್ದರೆ ಬೆನ್ನು ವಾಲುತ್ತದೆ. ಅದಕ್ಕೆ ನಾನೇ ರಾಗಿ ತುಂಬಿದೆ. ರಾಗಿ ಚೆನ್ನಾಗಿ ಕೂತಿತು. ಒತ್ತಿದ ಹಾಗೆ ಆಕಾರ ಬರುತ್ತದೆ, ಜೋತು ಬೀಳುವುದೂ ಸರಿಯಾಗಿ ಬೀಳುತ್ತದೆ. ಒಳಗಿನಿಂದ ಪಿನ್ನು ಹಾಕಿದರೆ ಮುಗಿಯಿತು. ಆದರೆ ಬೇಸಿಗೆಯಲ್ಲಿ ಬೆವರಿಗೆ ಒದ್ದೆಯಾಗಿ, ಒಂದು ದಿನ ತೆಗೆದು ನೋಡಿದರೆ ಮೊಳಕೆ ಬಂದಿತ್ತು.

"ಅತ್ತೆ, ಹುರಿದು ಹಿಟ್ಟು ಮಾಡಿಬಿಡ್ಲಾ?" ಅಂದಳು ಶೋಭಾ.

"ನಿನ್ನ ಗಂಡಂಗೆ ಗಂಜಿ ಕಾಯಿಸಿಕೊಡು" ಅಂದೆ.

ಅವತ್ತು ಇಬ್ಬರೂ ನಕ್ಕೆವು. ಆಪರೇಷನ್ ಆದ ಮೇಲೆ ಮೊದಲನೇ ಸಲ. ಆಮೇಲಿಂದ ವಾರಕ್ಕೊಮ್ಮೆ ರಾಗಿ ಬದಲಾಯಿಸುತ್ತಿದ್ದೆ. ಆಸ್ಪತ್ರೆಯವರು ಇದಕ್ಕೆಂದೇ ಮಾಡಿದ್ದು ಸಿಗುತ್ತದೆ ಅಂದಿದ್ದರು. ಯಾರೂ ಕೇಳಲು ಹೋಗಲಿಲ್ಲ, ಕೇಳಿದರೆ ಸುದ್ದಿಯಾಗುತ್ತದೆ ಅಂತ. ನೀವು ಕೇಳಿ.

ವೀಳ್ಯಶಾಸ್ತ್ರಕ್ಕೆ ದಿನ ಗೊತ್ತಾಯಿತು. ರೇಷ್ಮೆ ನನ್ನ ಹತ್ತಿರ ಇಲ್ಲ, ಕಡೂರಿಗೆ ಹೋದೆವು. ಅಂಗಡಿಯವನು ಮೆತ್ತನೆಯ ಸೀರೆಗಳನ್ನೇ ಎಳೆದು ಹಾಕುತ್ತಿದ್ದ. ಮೆತ್ತನೆಯದು ಮೈಗೆ ಅಂಟಿ ಗುಳಿ ತೋರಿಸುತ್ತದೆ. ಗರಿಗರಿಯಾದದ್ದು ತಾನೇ ನಿಲ್ಲುತ್ತದೆ. ಕಂದು ಬಣ್ಣದ್ದು, ಮೈ ತುಂಬ ಸಣ್ಣ ಬುಟ್ಟ ಇದ್ದದ್ದು ಆರಿಸಿದೆ. ಬುಟ್ಟ ಒತ್ತಾಗಿದ್ದರೆ ನೋಡುವವರ ಕಣ್ಣು ಒಂದು ಕಡೆ ನಿಲ್ಲುವುದಿಲ್ಲ. ರವಿಕೆಯೂ ಅದೇ ಬಣ್ಣ. ಇದು ನಾನು ಮಾರುವಾಗ ಕಲಿತದ್ದು, ಆವತ್ತು ನನಗೇ ಮಾರಿಕೊಂಡೆ.

ಬೀಗರು ಬಂದರು. ಹುಡುಗನ ತಾಯಿ ಜಯಮ್ಮ, ಗುಂಡಗಿನ ಹೆಂಗಸು, ಮಾತು ಕಡಿಮೆ. ಹುಡುಗನ ತಾತ ತಿಮ್ಮಪ್ಪನವರು. ಆ ಮನೆಯಲ್ಲಿ ಅವರ ಮಾತು ನಡೆಯುತ್ತದೆ ಅಂತ ನೋಡಿದ ಕೂಡಲೇ ತಿಳಿಯುತ್ತಿತ್ತು. ತಟ್ಟೆ ಬದಲಾಯಿಸುವ ಹೊತ್ತಿಗೆ, ಗಂಡ ಇಲ್ಲದವಳು ಅಂತ ನೋಡದೆ, ಮನೆಗೆ ಹಿರಿಯಳು ಅಂತ ನನ್ನ ಕೈಗೆ ಎಲೆ ಅಡಿಕೆಯ ತಟ್ಟೆ ಕೊಟ್ಟರು. ಜಯಮ್ಮನ ಕೈಗೆ ಕೊಡಲು ಬಗ್ಗಿದೆ. ತಟ್ಟೆಯ ಮೇಲೆ ಸಣ್ಣಗೆ ಸದ್ದಾಯಿತು. ನೋಡಿದರೆ ರಾಗಿ. ನನ್ನ ಸೆರಗಿನ ಸಂದಿಯಿಂದ ಸುರಿಯುತ್ತಿತ್ತು. ಪಿನ್ನು ಬಿಚ್ಚಿಕೊಂಡು ಚೀಲ ಹರಿದಿತ್ತು. ತಟ್ಟೆ ತುಂಬಿ ಜಮಖಾನದ ಮೇಲೂ ಬಿತ್ತು. ನಾನು ಬಗ್ಗಿಯೇ ನಿಂತಿದ್ದೆ.

"ಏನು ತಾಯಿ ಇದು?" ಅಂದರು ತಿಮ್ಮಪ್ಪನವರು.

"ಹರಕೆ ರಾಗಿ!" ಅಂದಳು ಶೋಭಾ. ಅಷ್ಟು ಬೇಗ ಅವಳಿಗೆ ಎಲ್ಲಿಂದ ಹೊಳೆಯಿತೋ. "ಈ ಸಂಬಂಧ ಗಟ್ಟಿಯಾಗ್ಲಿ ಅಂತ ಅತ್ತೆ ಮನೆದೇವ್ರಿಗೆ ಹರಕೆ ಕಟ್ಕೊಂಡಿದ್ರು. ತಟ್ಟೆ ಬದ್ಲಾಯಿಸೋ ಹೊತ್ಗೇ ಬಿಚ್ಕೊಂತು ನೋಡಿ."

ತಿಮ್ಮಪ್ಪನವರು ಎದ್ದು ಬಂದು ಕೂತು, ಆ ರಾಗಿಯನ್ನು ಎರಡೂ ಕೈಯಲ್ಲಿ ಬಾಚಿ ಕಣ್ಣಿಗೊತ್ತಿಕೊಂಡು ಟವಲಿನ ತುದಿಗೆ ಕಟ್ಟಿಕೊಂಡರು. ಅವರ ಕಡೆಯ ಹೆಂಗಸರೂ ಒಂದೊಂದು ಚಿಟಿಕೆ ತೆಗೆದುಕೊಂಡರು. ನನ್ನ ಬೆವರಿನ ರಾಗಿ. ನಾನು ಏನೂ ಹೇಳಲಿಲ್ಲ. ಏನೂ ಅನ್ನಿಸಲೂ ಇಲ್ಲ.

ಜಯಮ್ಮ ಮಾತ್ರ ರಾಗಿ ಮುಟ್ಟಲಿಲ್ಲ. ನನ್ನ ಎಡಪಕ್ಕೆಯನ್ನೇ ನೋಡುತ್ತಿದ್ದಳು. "ಬನ್ನಿ ಒಳಗೆ, ಸೆರಗು ಸರಿ ಮಾಡ್ತೀನಿ" ಅಂತ ಕೋಣೆಗೆ ಕರೆದುಕೊಂಡು ಹೋಗಿ ಬಾಗಿಲು ಹಾಕಿದಳು. ರವಿಕೆಯಲ್ಲಿ ರಕ್ತ. ಬಿಚ್ಚಿಕೊಂಡ ಪಿನ್ನು ನನ್ನ ಮಾಂಸದೊಳಗೆ ನೆಟ್ಟಗೆ ನಿಂತಿತ್ತು. ಅವಳೇ ಕಿತ್ತಳು.

"ನೋವಾಗ್ಲಿಲ್ವಾ?"

"ಅಲ್ಲಿ ಏನೂ ಗೊತ್ತಾಗಲ್ಲ."

ಕೊಕ್ಕೆ ಬಿಚ್ಚಿ ನೋಡಿದಳು. ಗಾಯದ ಗೆರೆ ನೋಡಿದಳು.

"ಗರ್ಭಕೋಶ ಅಂದಿದ್ರು."

"ಅಂದಿದ್ರು."

"ನಮ್ಮ ಮಾವನ ತಂಗಿ ಇದ್ರಲ್ಲೇ ಹೋಗಿದ್ದು. ಮಾವಂಗೆ ಗೊತ್ತಾದ್ರೆ ಈ ಮದ್ವೆ ಬೇಡ ಅಂತಾರೆ" ಅಂದಳು. ತನ್ನ ಕರವಸ್ತ್ರ ಮಡಿಚಿ ಖಾಲಿ ಜಾಗಕ್ಕೆ ಇಟ್ಟು, ಕೊಕ್ಕೆ ಹಾಕಿ, ಸೆರಗು ಎಳೆದಳು. "ಹುಡುಗಿ ನಂಗೆ ಇಷ್ಟ ಆಗಿದಾಳೆ. ನಾನು ಏನೂ ನೋಡ್ಲಿಲ್ಲ, ಆಯ್ತಾ?"

ಬೀಗರು ಊಟ ಮಾಡಿ ಹೋದರು. ಶೋಭಾ ದೇವರ ಮುಂದೆ ದೀಪ ಹಚ್ಚಿದಳು. ಲೋಕೇಶ, "ಲಗ್ನ ಮುಗೀಲಿ, ಆಮೇಲೆ ನಿಧಾನಕ್ಕೆ ಹೇಳಿದ್ರಾಯ್ತು" ಅಂದ. ಚೈತ್ರಾ ರೇಷ್ಮೆ ಸೀರೆಯಲ್ಲೇ ಗೋಡೆಗೆ ಒರಗಿ ಕೂತಿದ್ದಳು. ಹುಡುಗನಿಂದ ಮೆಸೇಜು ಬಂದಿತ್ತು. ತಾತ ರಾಗಿಯನ್ನು ದೇವರ ಗೂಡಿನಲ್ಲಿ ಇಟ್ಟು ಹೂ ಏರಿಸಿದ್ದಾರೆ ಅಂತ ಫೋಟೋ ಕಳಿಸಿದ್ದ.

"ನಾನು ಆ ಮನೆಗೋಗಿ ದಿನಾ ಅದಕ್ಕೆ ಕೈ ಮುಗೀಬೇಕಾ?" ಅಂದಳು. "ಅಜ್ಜಿ ಸತ್ರೆ ಏನಂತ ಹೇಳ್ಲಿ ಅಲ್ಲಿ? ನಂಗೇ ಒಂದು ಗಂಟು ಬಂದ್ರೆ ಯಾರ ಹತ್ರ ಹೇಳ್ಕೊಳ್ಲಿ?"

"ಬಿಡ್ತು ಅನ್ನೇ" ಅಂದಳು ಶೋಭಾ.

"ಏನು ಬಿಡ್ತು ಅನ್ನೋದು? ಕೇಳಿದ್ದಕ್ಕೆ ಉತ್ರ ಹೇಳಮ್ಮ."

ಶೋಭಾ ಎದ್ದು ದೀಪಕ್ಕೆ ಎಣ್ಣೆ ಹಾಕಿದಳು. ನಾನು ಊಟ ಮಾಡಿ ಮಲಗಿದೆ. ನಿದ್ದೆ ಬಂತು.

ಬೆಳಿಗ್ಗೆ ಎದ್ದು ಸ್ನಾನ ಮಾಡಿದೆ. ತೊಳೆದು ತೊಳೆದು ಸಡಿಲವಾಗಿದ್ದ ಹತ್ತಿ ರವಿಕೆ ಹಾಕಿಕೊಂಡೆ, ಒಳಗೆ ಏನೂ ಇಡಲಿಲ್ಲ. ತೆಳ್ಳನೆಯ ಹತ್ತಿ ಸೀರೆ ಉಟ್ಟು, ಸೆರಗನ್ನು ಹೊದ್ದುಕೊಳ್ಳದೆ ಹೆಗಲ ಮೇಲೆ ಹಾಕಿಕೊಂಡೆ. ಶೋಭಾ ಒಲೆಯ ಮುಂದೆ ಇದ್ದಳು, "ಎಲ್ಲಿಗತ್ತೆ?" ಅಂದಳು. "ಬತ್ತೀನಿ" ಅಂದು ತರೀಕೆರೆ ಬಸ್ಸು ಹತ್ತಿದೆ. ಪಕ್ಕದಲ್ಲಿ ಕೂತವಳು ಒಂದು ಸಲ ನೋಡಿದಳು, ಇನ್ನೊಂದು ಸಲ ನೋಡಿದಳು, ಆಮೇಲೆ ಕಿಟಕಿ ನೋಡಿದಳು.

ತಿಮ್ಮಪ್ಪನವರು ಜಗಲಿಯ ಮೇಲೆ ಕೂತು ಕಾಫಿ ಕುಡಿಯುತ್ತಿದ್ದರು. ನನ್ನನ್ನು ನೋಡಿ ಎದ್ದು ನಿಂತರು. ಜಯಮ್ಮ ಬಾಗಿಲಿಗೆ ಬಂದವಳು ಅಲ್ಲೇ ನಿಂತಳು.

"ಯಜಮಾನ್ರೆ, ಅದು ಹರಕೆ ರಾಗಿ ಅಲ್ಲ" ಅಂದೆ. "ನಂಗೆ ಕ್ಯಾನ್ಸರ್ ಬಂದು ಒಂದು ಮೊಲೆ ತೆಗ್ದಿದಾರೆ. ಖಾಲಿ ಕಾಣ್ಬಾರ್ದು ಅಂತ ಅಲ್ಲಿಗೆ ರಾಗಿ ತುಂಬ್ಕೊಂಡಿದ್ದೆ. ಅದು ಚೆಲ್ತು. ದೇವ್ರ ಗೂಡಿಂದ ತೆಗೀರಿ."

ಅವರು ಲೋಟ ಕೆಳಗಿಟ್ಟರು. ಎಲ್ಲರೂ ಕಣ್ಣು ತಪ್ಪಿಸುವ ಜಾಗವನ್ನು ಅವರು ನೇರವಾಗಿ ನೋಡಿದರು. ನೋಡಲಿ ಅಂತ ನಾನೂ ನಿಂತೆ.

"ನಾಳೆ ಹುಡುಗೀಗೂ ಬಂದ್ರೆ?" ಅಂದರು.

"ಬರಬೌದು. ಬರದೇನೂ ಇರಬೌದು. ಅದನ್ನ ಡಾಕ್ಟ್ರನ್ನ ಕೇಳಿ. ಅವಳಿಗೆ ಬಂದ್ರೆ ಅವಳು ಬಾಯಿಬಿಟ್ಟು ಹೇಳಂಗಿರಬೇಕು, ನಿಮ್ಮನೇಲಿ ಅದು ಆಗುತ್ತಾ ಆಗಲ್ವಾ, ಅದನ್ನ ನೀವು ನಂಗೆ ಹೇಳಿ. ಆಗಲ್ಲ ಅಂದ್ರೆ ತಟ್ಟೆ ವಾಪಸ್ ತರ್ತೀವಿ."

ಅವರು ಮತ್ತೆ ಜಗಲಿಯ ಮೇಲೆ ಕೂತರು. ಜಯಮ್ಮ ಬಾಗಿಲ ಚೌಕಟ್ಟು ಹಿಡಿದು ನಿಂತೇ ಇದ್ದಳು.

"ನಮ್ಮ ಪುಟ್ಟಿ ಹೇಳ್ಲಿಲ್ಲ" ಅಂದರು ತಿಮ್ಮಪ್ಪನವರು. ತಂಗಿಯ ಮಾತು ಅಂತ ತಿಳಿಯಿತು. "ಇದೇ ಮನೇಲಿ ಸೆರಗು ಸುತ್ಕೊಂಡು ಓಡಾಡ್ತಿದ್ಲು. ಚಳಿ ಕಣಣ್ಣ ಅನ್ನೋಳು. ಗಾಯ ಕೊಳ್ತು ವಾಸ್ನೆ ಬಂದ್ಮೇಲೆ ಗೊತ್ತಾಯ್ತು ನಮಗೆ."

ಎದ್ದು ಒಳಗೆ ಹೋದರು. ಬರುವಾಗ ಕೈಯಲ್ಲಿ ಬಾಳೆ ಎಲೆಯ ಚೂರು, ಅದರ ಮೇಲೆ ರಾಗಿ, ಬಾಡಿದ ಹೂವು.

"ಲಗ್ನಕ್ಕೆ ಸೀರೆ ತೆಗೆಯಾಕೆ ಇವ್ರನ್ನೂ ಕರ್ಕೊಂಡು ಹೋಗು ಜಯಾ" ಅಂದರು. ಆಮೇಲೆ ನನ್ನ ಕಡೆ ತಿರುಗಿ, "ಇದನ್ನೇನು ಮಾಡ್ಲಿ?" ಅಂತ ಕೇಳಿದರು.

"ಕೋಳಿಗೆ ಹಾಕಿ" ಅಂದೆ.

ಅಂಗಳಕ್ಕೆ ಇಳಿದು ಹಾಕಿದರು. ಕೋಳಿಗಳು ತಿಂದವು. ಜಯಮ್ಮ ಒಳಗೆ ಕರೆದಳು, ಹೋಗಿ ತಿಂಡಿಗೆ ಕೂತೆ.